ಹುಲ್ಲಿಗೆ ಐಸು

ಲೇಹ್‌ನಿಂದ ಅಂಚೆಯಲ್ಲಿ ಬಂದ ಜವೆಗೋಧಿ
ಒಂದು ಹಿಡಿಯಷ್ಟು, ಕಂದು ಲಕೋಟೆಯಲ್ಲಿ.
ತೋಳಹುಣಸೆಯ ಪ್ರಯೋಗಾಲಯದ ಕಿಟಕಿಯಾಚೆ
ಏಪ್ರಿಲ್. ಬಸ್ಸಿನ ಕಂಬಿ ಮುಟ್ಟಿದರೆ
ಅಂಗೈ ಚುರ್ರೆನ್ನುವ ಏಪ್ರಿಲ್.
ನಾನು ಅತ್ತಿಗೆಯ ಸ್ವೆಟರ್ ತೊಟ್ಟು
ನಾಲ್ಕು ಡಿಗ್ರಿಯ ಪೆಟ್ಟಿಗೆಯೊಳಗೆ ಕೈ ಚಾಚಿ
ಸಸಿಗಳಿಗೆ ಚಳಿ ಕಲಿಸುತ್ತಿದ್ದೆ.

ಒಮ್ಮೆಲೇ ಕಲಿಸುವಂತಿಲ್ಲ.
ಹದಿನಾಲ್ಕು ದಿನ ಸಣ್ಣ ಚಳಿ, ಆಮೇಲೆ ದೊಡ್ಡದು.
ಇದನ್ನು ಕೇಳಿ ಅಮ್ಮಿ, ಮಂಡಕ್ಕಿ ಭಟ್ಟಿಯಿಂದ ಬಂದವಳು,
ಸೆರಗಿನ ಮರಳು ಕೊಡವುತ್ತಾ ಹೇಳಿದಳು,
ಅಕ್ಕಿಯೂ ಹಾಗೇ.
ರಾತ್ರಿಯೆಲ್ಲ ಉಪ್ಪುನೀರು ಉಣ್ಣಿಸದೆ
ಕಾದ ಮರಳಿಗೆ ಸುರಿದರೆ ಕರಕಲಾಗುತ್ತದೆ,
ಅರಳುವುದಿಲ್ಲ.
ಮೂವತ್ತು ವರ್ಷ ಬೆಂಕಿಯ ಮುಂದೆ ಕೂತ ಹುಸೇನ್‌ಬಿ
ಚಳಿಯ ಬಗ್ಗೆ ಇಷ್ಟು ಹೇಳಿ
ಚಹಾಕ್ಕೆ ನೀರಿಟ್ಟಳು.

ಒಂಬತ್ತನೆಯ ದಿನ ಕಂಪ್ರೆಸರ್ ಗುರ್ ಎಂದು ನಿಂತಿತು.
ರಿಪೇರಿಯವನು ಹುಬ್ಬಳ್ಳಿಯಿಂದ ಬರಬೇಕು, ಮುಂದಿನ ವಾರ.
ಮೂರು ಟ್ರೇ, ಒದ್ದೆ ಗೋಣಿಚೀಲ, ಒಂದು ಆಟೋ.
ಐಸ್ ಫ್ಯಾಕ್ಟರಿಯ ಕೊಟ್ರಯ್ಯ ಬಗ್ಗಿ ನೋಡಿದ:
"ಏನವ್ವಾ ಇದು, ಹುಲ್ಲಿಗೆ ಐಸಾ?"
ಮದುವೆ ಸೀಸನ್. ಹೂವಿನ ಹಾರ ಇಡುವ ತಂಪು ಕೋಣೆಯಲ್ಲಿ
ಬುಟ್ಟಿಗಳನ್ನು ಕಾಲಿನಿಂದ ಸರಿಸಿ ಜಾಗ ಕೊಟ್ಟ.
ಥರ್ಮಾಮೀಟರ್ ಇಟ್ಟು ನೋಡಿದೆ. ಐದು. ಆದೀತು.
ಬಾಡಿಗೆ ಬೇಡವಂತೆ.
ಹುಲ್ಲು ಚಳಿಯಲ್ಲಿ ಏನು ಮಾಡುತ್ತದೆ,
ಅದನ್ನು ಹೇಳಿದರೆ ಸಾಕಂತೆ.

ಹೇಳಿದೆ, ಐಸಿನ ಗರಗಸ ಕಿರುಚುವ ನಡುವೆ:
ಚಳಿ ಅಂದರೆ ಗಿಡಕ್ಕೆ ಬಾಯಾರಿಕೆ.
ಜೀವಕೋಶದ ಹೊರಗೆ ಹೆಪ್ಪುಗಟ್ಟುವ ನೀರು
ಒಳಗಿನ ನೀರನ್ನೂ ಎಳೆದುಕೊಳ್ಳುತ್ತದೆ.
ಕೋಶ ಒಣದ್ರಾಕ್ಷಿಯ ಹಾಗೆ ಸುಕ್ಕಾಗಿ
ಪೊರೆಗೆ ಪೊರೆ ಅಂಟಲು ಬರುತ್ತದೆ.
ಆಗ ಡಿಹೈಡ್ರಿನ್ ಅಂತ ಒಂದು ಪ್ರೋಟೀನು
ಪೊರೆಯ ಮೈಗೆ ಆತು ನಿಲ್ಲುತ್ತದೆ,
ಇರುವ ಚೂರು ನೀರನ್ನು ತಬ್ಬಿಕೊಂಡು.
"ಅಂದ್ರ, ಹಿಮದಾಗೂ ಬರಗಾಲ,"
ಅಂದ ಕೊಟ್ರಯ್ಯ, ಜಗಳೂರಿನವನು.

ದಿನ ತುಂಬಿದ ಮೇಲೆ ಎಲೆ ಅರೆದು, ಸೋಸಿ,
ರಸವನ್ನು ಕುದಿಯುವ ನೀರಿಗಿಟ್ಟೆ. ಹತ್ತು ನಿಮಿಷ.
ಮಿಕ್ಕ ಪ್ರೋಟೀನೆಲ್ಲ ಒಡೆದ ಹಾಲಿನ ಹಾಗೆ
ಗರಣೆಗಟ್ಟಿ ತಳ ಸೇರಿತು.
ಇದೊಂದು ಮಾತ್ರ ಮೇಲೆ, ತಿಳಿಯಲ್ಲಿ,
ಊರಲ್ಲೇ ಇರದಿದ್ದವರ ಹಾಗೆ.
ಇದಕ್ಕೆ ತನ್ನದೆಂಬ ಆಕಾರವಿಲ್ಲ.
ಮಡಿಕೆಯಿಲ್ಲ, ಗಂಟಿಲ್ಲ. ನೀರಲ್ಲಿ ಬಿಟ್ಟ ದಾರ.
ಕಾವು ಒಳಹೊಕ್ಕು ತಡಕಾಡಿದರೂ
ಒಡೆಯುವಂಥದ್ದೇನೂ ಕೈಗೆ ಸಿಗುವುದಿಲ್ಲ.
ಪೊರೆ ಸಿಕ್ಕಾಗ ಮಾತ್ರ
ಅದರ ಒಂದೆರಡು ಎಳೆ ಸುರುಳಿ ಸುತ್ತುತ್ತದೆ.
ಯಾರನ್ನಾದರೂ ಹಿಡಿದಾಗ ಮಾತ್ರ ಒಂದು ರೂಪ.

ಪಳಗಿಸದೆ ನೇರ ಹಿಮಕ್ಕೆ ಹಾಕಿದ ನಾಲ್ಕನೆಯ ಟ್ರೇ
ಬೆಳಿಗ್ಗೆ ನೋಡಿದರೆ ಬೆಂದ ಸೊಪ್ಪು.
ಚಳಿಯಲ್ಲಿ ಸತ್ತದ್ದು ಬೆಂದದ್ದರ ಹಾಗೆ ಕಾಣುತ್ತದೆಂದು
ನನಗೆ ಯಾರೂ ಹೇಳಿರಲಿಲ್ಲ.
ದಾಖಲೆ ಪುಸ್ತಕದಲ್ಲಿ ಬರೆಯಬೇಕಾದ್ದು ಒಂದೇ ಪದ:
ಹೋಲಿಕೆಗೆ.
ಬರೆದೆ. ಪೆನ್ನು ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಮೇ ತಿಂಗಳ ಮೊದಲ ವಾರ ಫೋನು:
"ಹಾರದ ಬುಟ್ಟಿ ಹಿಂದ ನಿಮ್ದೊಂದು ಸಸಿ
ಉಳಕಂಡೈತಿ ನೋಡವ್ವಾ.
ಕತ್ತಲಾಗಿದ್ದು ಹಳದಿ ತಿರುಗೈತಿ. ಬಿಸಾಕ್ಲಾ?"
ನೆಟ್ಟಗಿದೆಯಾ, ಕೇಳಿದೆ.
ಅತ್ತ ಗರಗಸ ನಿಂತಿತು.
ಕಬ್ಬಿಣದ ಬಾಗಿಲು ಎಳೆದ ಸದ್ದು,
ಚಪ್ಪಲಿಯ ಸದ್ದು, ಚಳಿಗೆ ಸಣ್ಣದಾದ ಉಸಿರು.
"ನೆಟ್ಟಗೈತಿ."